ಸೈಕ್ಲೋಕ್ರಾಸ್ ರೇಸಿಗೆ ಇಳಿಯೋಣ ಅನ್ನುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಹತ್ತಿರ ಬಂತೆಂದರೆ ಪೋರ್ಟ್‌ಲ್ಯಾಂಡ್, ಬೀವರ್ಟನ್, ಹಿಲ್ಸ್‌ಬೊರೊ ಕಡೆಯ ಕನ್ನಡದ ಗೆಳೆಯರು ಒಬ್ಬೊಬ್ಬರಾಗಿ ಕೇಳಲು ಶುರು ಮಾಡುತ್ತಾರೆ: "ಆ ಕೆಸರಲ್ಲಿ ಸೈಕಲ್ ಹೊತ್ಕೊಂಡು ಓಡೋ ರೇಸಿಗೆ ನಾವೂ ಬರಬಹುದಾ?" ಧಾರಾಳವಾಗಿ ಬರಬಹುದು. ವಾರಕ್ಕೊಂದು ಸಲ ಸೈಕಲ್ ತುಳಿಯುವವರು, ರೇಸ್ ಅಂದರೆ ನಮ್ಮಂಥವರಿಗಲ್ಲ ಅಂದುಕೊಂಡವರು, ಅಂಥವರಿಗಾಗಿಯೇ ಇದನ್ನು ಬರೆದಿದ್ದೇನೆ. ಗೆಲ್ಲಲೇಬೇಕು ಅಂತ ಹೊರಟವರಿಗೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಉದಾಹರಣೆಗಳು ಒರೆಗಾನ್‌ನವು. ಅಮೆರಿಕದ ಬೇರೆ ರಾಜ್ಯಗಳಲ್ಲೂ ಬಹುಪಾಲು ಹೀಗೇ ನಡೆಯುತ್ತದೆ.

ಸೈಕ್ಲೋಕ್ರಾಸ್ ಅಂದರೆ ಏನು?

ಪಾರ್ಕು, ಜಾತ್ರೆ ಮೈದಾನ, ತೋಟ, ಇಂಥ ಕಡೆ ಟೇಪು ಕಟ್ಟಿ ಒಂದು ದಾರಿ ಮಾಡುತ್ತಾರೆ. ಒಂದು ಸುತ್ತು ಸುಮಾರು 2.5ರಿಂದ 3.5 ಕಿಲೋಮೀಟರ್. ಹುಲ್ಲು, ಮಣ್ಣು, ಕೆಸರು, ಮರಳು, ಸ್ವಲ್ಪ ಟಾರು ರಸ್ತೆ, ಒಂದಷ್ಟು ಚೂಪು ತಿರುವು, ಒಂದೆರಡು ಕಡಿದಾದ ದಿಬ್ಬ, ಮೆಟ್ಟಿಲು. ನಡುವೆ ಅಡ್ಡಲಾಗಿ ಹಲಗೆ ನಿಲ್ಲಿಸಿರುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಲಗೆಯ ಎತ್ತರ 40 ಸೆಂಟಿಮೀಟರ್ ದಾಟಬಾರದು. ಅಂದರೆ ಮಂಡಿಗಿಂತ ಕೆಳಗೆ. ಅಲ್ಲಿ ಇಳಿದು, ಸೈಕಲ್ ಎತ್ತಿ ದಾಟಿ, ಮತ್ತೆ ಹತ್ತಿ ತುಳಿಯಬೇಕು.

ರೇಸು ದೂರದ ಲೆಕ್ಕದಲ್ಲಿ ಅಲ್ಲ, ಹೊತ್ತಿನ ಲೆಕ್ಕದಲ್ಲಿ. ಹೊಸಬರಿಗೆ 30 ಅಥವಾ 40 ನಿಮಿಷ, ಮೇಲ್ಮಟ್ಟದ ಗಂಡಸರಿಗೆ 60 ನಿಮಿಷ. ಮೊದಲ ಒಂದೆರಡು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ ಇನ್ನೆಷ್ಟು ಸುತ್ತು ಅಂತ ಬೋರ್ಡು ತೋರಿಸುತ್ತಾರೆ. ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಆ ಗಂಟೆಯಷ್ಟು ಹಿತವಾದ ಸದ್ದು ಇನ್ನೊಂದಿಲ್ಲ, ನಂಬಿ.

ತುಳಿಯಲಿಕ್ಕೆ ಇರುವ ಸೈಕಲನ್ನು ಹೊತ್ತು ಓಡುವುದು ಯಾವ ಸೀಮೆ ಆಟ?

ಫ್ರಾನ್ಸ್, ಬೆಲ್ಜಿಯಂ ಸೀಮೆಯದು. ರಸ್ತೆ ರೇಸಿನವರು ಚಳಿಗಾಲದಲ್ಲಿ ಮೈ ಬಿಸಿಯಾಗಿಡಲು ಹೊಲಗದ್ದೆ, ಬೇಲಿ, ಹಳ್ಳ ದಾಟಿಕೊಂಡು ಪಕ್ಕದೂರಿಗೆ ಪೈಪೋಟಿ ಮೇಲೆ ಹೋಗುತ್ತಿದ್ದರು. ಡೇನಿಯಲ್ ಗೂಸೋ ಎಂಬ ಫ್ರೆಂಚ್ ಸಿಪಾಯಿ ಅದಕ್ಕೊಂದು ರೂಪ ಕೊಟ್ಟ. 1902ರಲ್ಲಿ ಫ್ರಾನ್ಸ್‌ನ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. 1950ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಗೆದ್ದವನು ಜಾನ್ ರೊಬಿಕ್, 1947ರ ಟೂರ್ ಡಿ ಫ್ರಾನ್ಸ್ ಗೆದ್ದಿದ್ದವನೇ. ಹೆಂಗಸರ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಲು 2000ದವರೆಗೆ ಕಾಯಬೇಕಾಯಿತು. ಐವತ್ತು ವರ್ಷ! ಇದಕ್ಕೆ ಯಾವ ಸಮಜಾಯಿಷಿಯೂ ಒಪ್ಪುವಂಥದ್ದಲ್ಲ.

ಈಗ ಸೀಸನ್ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ. ಅಮೆರಿಕದ ಸ್ಥಳೀಯ ರೇಸುಗಳು ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ ಮುಗಿದುಬಿಡುತ್ತವೆ.

ನನಗೆ ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಬಂದಿದೆ. ಎಲ್ಲರಿಗಿಂತ ಕೊನೆಗೆ ಬಂದರೆ ಮಾನ ಹೋಗಲ್ವಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ.

ರಸ್ತೆ ರೇಸಿನಲ್ಲಿ ಗುಂಪಿನಿಂದ ಒಮ್ಮೆ ಕಳಚಿಕೊಂಡರೆ ಕಥೆ ಮುಗಿಯಿತು. ಖಾಲಿ ರಸ್ತೆಯಲ್ಲಿ ಒಬ್ಬರೇ ತುಳಿದುಕೊಂಡು ವಾಪಸ್ ಬರಬೇಕು. ಸೈಕ್ಲೋಕ್ರಾಸಿನಲ್ಲಿ ಹಾಗಾಗುವುದಿಲ್ಲ. ಸುತ್ತು ಚಿಕ್ಕದು, ದಾರಿ ಹಾವಿನ ಹಾಗೆ ಸುತ್ತಿಕೊಂಡಿರುತ್ತದೆ. ಎರಡು ಸುತ್ತು ಆಗುವಷ್ಟರಲ್ಲಿ ಎಲ್ಲರೂ ಚೆಲ್ಲಾಪಿಲ್ಲಿ. ನಿಮ್ಮ ಮುಂದೆ ಹತ್ತು ಅಡಿಯಲ್ಲಿ ಒಬ್ಬರು, ಹಿಂದೆ ಹತ್ತು ಅಡಿಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ನೀವು ಐದನೆಯವರೋ ಐವತ್ತನೆಯವರೋ ಅನ್ನುವುದು ನೋಡುವವರಿಗೇ ತಿಳಿಯುವುದಿಲ್ಲ. ನಿಮಗೆ ತಿಳಿಯುವುದು ಒಂದೇ: ಆ ಕೆಂಪು ಜೆರ್ಸಿಯವರನ್ನು ಮರಳಿನಲ್ಲಿ ಹಿಡಿಯಬೇಕು, ಅವರು ದಿಬ್ಬದಲ್ಲಿ ನಿಮ್ಮನ್ನು ಮತ್ತೆ ಹಿಂದೆ ಹಾಕುತ್ತಾರೆ. ಮೂವತ್ತೇಳನೇ ಸ್ಥಾನಕ್ಕೆ ಇಬ್ಬರು ಬಾಯಿಗೆ ಜೀವ ಬಂದ ಹಾಗೆ ಸ್ಪ್ರಿಂಟ್ ಹೊಡೆಯುವುದು, ಆಮೇಲೆ ನೆಲದ ಮೇಲೆ ಬಿದ್ದುಕೊಂಡು ಒಬ್ಬರನ್ನೊಬ್ಬರು ಹೊಗಳುವುದು ಇಲ್ಲಿ ಪ್ರತಿ ಭಾನುವಾರದ ನೋಟ.

ವಯಸ್ಸಿನ ಪ್ರಕಾರ 35, 45, 50 ಮೇಲ್ಪಟ್ಟವರಿಗೆ ಮಾಸ್ಟರ್ಸ್ ಅಂತ ಬೇರೆ ವಿಭಾಗಗಳಿವೆ. ಎಚ್ಚರ: ಮಾಸ್ಟರ್ಸ್ ಅಂದ ಕೂಡಲೇ ಸುಲಭ ಅಂದುಕೊಳ್ಳಬೇಡಿ. ಅಲ್ಲಿ ಇಪ್ಪತ್ತು ವರ್ಷದಿಂದ ರೇಸ್ ಮಾಡಿದ ಕಬ್ಬಿಣದ ಕಾಲಿನವರಿರುತ್ತಾರೆ. ಮೊದಲ ವರ್ಷ ಎಲ್ಲಕ್ಕಿಂತ ಕೆಳಗಿನ ಹಂತವಾದ ಕೆಟಗರಿ 5 ಅಥವಾ ಬಿಗಿನರ್ ವಿಭಾಗವೇ ಸರಿ. ಕೆಲವು ಕಡೆ 200 ಪೌಂಡ್ ಮೇಲ್ಪಟ್ಟವರಿಗೆ ಕ್ಲೈಡ್ಸ್‌ಡೇಲ್ ಅಂತ ಒಂದು ವಿಭಾಗ ಇದೆ, ದೊಡ್ಡ ಕುದುರೆ ತಳಿಯ ಹೆಸರು. ಅವರಷ್ಟು ಮಜಾ ಮಾಡುವವರು ಇನ್ಯಾರೂ ಇಲ್ಲ.

ಯಾವ ಸೈಕಲ್ ಬೇಕು? ಹೊಸದು ತಗೋಬೇಕಾ?

ಬೇಡ. ಮನೆಯಲ್ಲಿ ಮೌಂಟನ್ ಬೈಕ್ ಇದ್ದರೆ ಅದನ್ನೇ ತನ್ನಿ. ಜಲ್ಲಿ, ಮಣ್ಣು ದಾರಿಗೆಂದು ಮಾಡಿದ ಗ್ರ್ಯಾವೆಲ್ ಬೈಕ್ ಇದ್ದರೆ ಇನ್ನೂ ಒಳ್ಳೆಯದು. ಹ್ಯಾಂಡಲ್ ತುದಿಗೆ ಕೊಂಬಿನಂತೆ ಬಾರ್ ಎಂಡ್ ಇದ್ದರೆ ಬಿಚ್ಚಿಡಿ. ಬೆಲ್ಲು, ಸ್ಟ್ಯಾಂಡು, ಬಾಟಲ್ ಹೋಲ್ಡರ್, ಲೈಟು ಎಲ್ಲ ತೆಗೆಯಿರಿ. ಟೈರಿನ ಅಗಲ 33 ಮಿಲಿಮೀಟರ್ ಮೀರಬಾರದು ಅನ್ನುವ ನಿಯಮ ಅಂತರರಾಷ್ಟ್ರೀಯ ಮಟ್ಟದ ರೇಸಿಗೆ. ಊರಿನ ಬಿಗಿನರ್ ರೇಸಿನಲ್ಲಿ ಯಾರೂ ಅಳತೆಪಟ್ಟಿ ಹಿಡಿದು ಬರುವುದಿಲ್ಲ.

ಒಂದು ಸೀಸನ್ ಆದ ಮೇಲೂ ಹುಚ್ಚು ಇಳಿಯದಿದ್ದರೆ ಆಗ ಹಳೇ ಸೈಕ್ಲೋಕ್ರಾಸ್ ಬೈಕ್ ಹುಡುಕಿ. ವಿಶ್ವ ಮಟ್ಟದಲ್ಲಿ ಡಿಸ್ಕ್ ಬ್ರೇಕಿಗೆ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಆಮೇಲೆ ಎಲ್ಲರೂ ಡಿಸ್ಕಿಗೆ ಹೋದರು. ಹಾಗಾಗಿ ರಿಮ್ಮನ್ನು ಹಿಡಿಯುವ ಹಳೇ ಕ್ಯಾಂಟಿಲಿವರ್ ಬ್ರೇಕಿನ ಅಲ್ಯೂಮಿನಿಯಂ ಸೈಕಲ್‌ಗಳು ಬಹಳ ಅಗ್ಗಕ್ಕೆ ಸಿಗುತ್ತವೆ. ಆ ಬ್ರೇಕು ಹಿಡಿತದಲ್ಲಿ ಅಷ್ಟಕ್ಕಷ್ಟೇ, ಕೂಗು ಜಾಸ್ತಿ. ಆದರೆ ಕಲಿಯಲು ಸಾಕು. ಕೊಳ್ಳುವಾಗ ನೋಡಬೇಕಾದ್ದು ಎರಡು. ಚೌಕಟ್ಟಿಗೂ ಟೈರಿಗೂ ನಡುವೆ ಕೆಸರು ಹೋಗಲು ಜಾಗ ಇದೆಯಾ? ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಹತ್ತಿರದ ಹಲ್ಲಿನ ಚಕ್ರ) ಇದೆಯಾ? ಮುಂದೆ 38 ಅಥವಾ 40 ಹಲ್ಲು, ಹಿಂದೆ 11ರಿಂದ 34 ಇದ್ದರೆ ನಮ್ಮಂಥವರ ಕಾಲಿಗೆ ಸರಿಹೋಗುತ್ತದೆ. ಕಾರ್ಬನ್ ಚಕ್ರದ ಮಾತು ಸದ್ಯಕ್ಕೆ ಬಿಡಿ.

ಇ-ಬೈಕ್ ತರಬಹುದಾ?

ಇಲ್ಲ. 2016ರಲ್ಲಿ ಬೆಲ್ಜಿಯಂನ ಜೋಲ್ಡರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಸೈಕಲ್ಲಿನ ಕೊಳವೆಯೊಳಗೆ ಮೋಟರ್ ಸಿಕ್ಕಿ, ಸ್ಪರ್ಧಿಗೆ ಆರು ವರ್ಷ ನಿಷೇಧ ಹಾಕಿದರು. ಕದ್ದು ಇಟ್ಟರೂ ತಪ್ಪು, ತೋರಿಸಿ ಇಟ್ಟರೂ ತಪ್ಪು.

ಟೈರಿಗೆ ಗಾಳಿ ಎಷ್ಟು ಹೊಡೆಯಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಕಮ್ಮಿ. ಸಾವಿರ ಡಾಲರಿನ ಚಕ್ರಕ್ಕಿಂತ ಗಾಳಿಯ ಒತ್ತಡ ಅಳೆಯುವ ಒಂದು ಒಳ್ಳೆಯ ಗೇಜು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಗಟ್ಟಿ ಟೈರು ಬೇರು, ಕಲ್ಲು ಸಿಕ್ಕಾಗ ಪುಟಿಯುತ್ತದೆ, ತಿರುವಿನಲ್ಲಿ ಜಾರುತ್ತದೆ. ಮೆತ್ತಗಿದ್ದರೆ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. 70 ಕಿಲೋ ಆಸುಪಾಸಿನವರು 33 ಮಿಲಿಮೀಟರಿನ ಟ್ಯೂಬ್‌ಲೆಸ್ ಟೈರಿನಲ್ಲಿ 27-28 ಪಿಎಸ್‌ಐಯಿಂದ ಶುರು ಮಾಡಬಹುದು. ಒಳಗೆ ಟ್ಯೂಬ್ ಇದ್ದರೆ 35ರ ಹತ್ತಿರ ಇರಲಿ. ಇಲ್ಲದಿದ್ದರೆ ರಿಮ್ಮು ಬಡಿದು ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಏರಿಸಿ.

ಆಮೇಲೆ ದಾರಿಯ ಮೇಲೆ ಒಂದು ಸುತ್ತು ಹೋಗಿ ನೋಡಿ. ಒಂದೊಂದೇ ಪಿಎಸ್‌ಐ ಇಳಿಸುತ್ತ ಬನ್ನಿ. ಟ್ಯೂಬ್‌ಲೆಸ್ ಆದರೆ ಇಡೀ ಸುತ್ತಿನಲ್ಲಿ ಒಂದೆರಡು ಸಲ ರಿಮ್ಮು ಮೆಲ್ಲಗೆ ಟಕ್ ಅಂತ ತಾಗಿದರೆ ಅದೇ ಸರಿಯಾದ ಅಳತೆ. ಮತ್ತೆ ಮತ್ತೆ ಬಡಿದರೆ ಒಂದೆರಡು ಪಂಪು ಹೊಡೆಯಿರಿ. ಬೆಳಗ್ಗೆ ಒಣಗಿದ್ದ ಹುಲ್ಲು ಮಧ್ಯಾಹ್ನದ ಹೊತ್ತಿಗೆ ನೂರಾರು ಚಕ್ರ ಉರುಳಿ ರಾಡಿಯಾಗಿರುತ್ತದೆ. ಹಾಗಾಗಿ ಬೆಳಗಿನ ಅಳತೆ ಮಧ್ಯಾಹ್ನಕ್ಕೆ ನಡೆಯುವುದಿಲ್ಲ.

ಶೂ, ಪೆಡಲ್?

ಮೌಂಟನ್ ಬೈಕಿನ ಎರಡು ಬೋಲ್ಟಿನ ಕ್ಲೀಟ್ (ಪೆಡಲಿಗೆ ಸಿಕ್ಕಿಕೊಳ್ಳುವ ಕೊಕ್ಕೆ) ಇರುವ ಶೂ ಒಳ್ಳೆಯದು. ರೋಡ್ ಬೈಕಿನ ಶೂ ಬೇಡ, ಕೆಸರು ತುಂಬಿಕೊಂಡರೆ ಪೆಡಲಿಗೆ ಕೂರುವುದೇ ಇಲ್ಲ. ಕ್ಲೀಟ್ ಅಭ್ಯಾಸ ಇಲ್ಲದವರು ಚಪ್ಪಟೆ ಪೆಡಲಿನಲ್ಲೇ ಬನ್ನಿ, ಅದರಿಂದ ನಷ್ಟ ಏನಿಲ್ಲ.

ಓಡುತ್ತಲೇ ಇಳಿಯುವುದು, ಓಡುತ್ತಲೇ ಹತ್ತುವುದು ಹೇಗೆ? ನೋಡಿದರೇ ಭಯ ಆಗುತ್ತೆ.

ನಮ್ಮ ಕಡೆ ಹಳೇ ದೊಡ್ಡ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದವರನ್ನು ನೆನಪು ಮಾಡಿಕೊಳ್ಳಿ. ಮನೆ ಹತ್ತಿರ ಬರುತ್ತಿದ್ದಂತೆ ಬಲಗಾಲನ್ನು ಸೀಟಿನ ಹಿಂದಿನಿಂದ ಎಡಕ್ಕೆ ತಂದು, ಎಡ ಪೆಡಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ತೇಲಿಕೊಂಡು ಬಂದು, ಗೇಟಿನ ಮುಂದೆ ಎರಡು ಹೆಜ್ಜೆ ಓಡಿ ನಿಲ್ಲಿಸುತ್ತಿದ್ದರು ಅಲ್ವಾ? ಸೈಕ್ಲೋಕ್ರಾಸಿನಲ್ಲಿ ಇಳಿಯುವುದು ಹೆಚ್ಚುಕಮ್ಮಿ ಅದೇ. ಬೆಲ್ಜಿಯಂನವರು ಅದಕ್ಕೆ ಕೋಚ್ ಇಟ್ಟುಕೊಂಡು ಕಲಿಸುತ್ತಾರೆ, ಅಷ್ಟೇ.

ಇಳಿಯುವುದನ್ನು ಬಿಡಿಸಿ ಹೇಳುತ್ತೇನೆ. ಹಲಗೆಗೆ ಸ್ವಲ್ಪ ಮೊದಲೇ ಬಲಗಾಲನ್ನು ಪೆಡಲಿನಿಂದ ಬಿಡಿಸಿ, ಸೀಟಿನ ಮೇಲಿಂದ ಹಿಂದಕ್ಕೆ ಬೀಸಿ ಎಡಕ್ಕೆ ತನ್ನಿ. ಈಗ ಎರಡು ಕಾಲೂ ಎಡಗಡೆ, ಭಾರ ಎಡ ಪೆಡಲಿನ ಮೇಲೆ. ಬಲಗೈಯನ್ನು ಹ್ಯಾಂಡಲಿನಿಂದ ತೆಗೆದು ಚೌಕಟ್ಟಿನ ಮೇಲಿನ ಕೊಳವೆಯನ್ನು ಹಿಡಿಯಿರಿ. ಎಡಗೈ ಬ್ರೇಕಿನ ಮೇಲೇ ಇರಲಿ. ಎಡ ಪಾದವನ್ನು ಪೆಡಲಿನಿಂದ ಕಳಚುತ್ತಿದ್ದಂತೆ ಬಲಗಾಲು ಮುಂದೆ ನೆಲಕ್ಕೆ. ಆಗಲೇ ನೀವು ಓಡುತ್ತಿರುತ್ತೀರಿ. ಹಲಗೆ ಬಂದಾಗ ಮೇಲಿನ ಕೊಳವೆ ಹಿಡಿದು ಸೈಕಲ್ ಎತ್ತಿ, ದಾಟಿ, ಮೆಲ್ಲಗೆ ಇಳಿಸಿ. ಧೊಪ್ಪೆಂದು ಬಿಟ್ಟರೆ ಚೈನು ಕಳಚುತ್ತದೆ. ಯಾವಾಗಲೂ ಎಡಗಡೆಯಿಂದಲೇ ಇಳಿಯಬೇಕು, ಬಲಗಡೆ ಚೈನು ಇರುತ್ತದೆ.

ಹತ್ತುವುದು ನಮ್ಮ ಹಾಲಿನವರಿಗಿಂತ ಬೇರೆ. ಅವರು ಎಡಗಾಲು ಪೆಡಲಿನ ಮೇಲಿಟ್ಟು ಕುಂಟಿಕೊಂಡು ಹೋಗಿ ಹತ್ತುತ್ತಿದ್ದರು. ಇಲ್ಲಿ ಎರಡೂ ಕೈ ಹ್ಯಾಂಡಲಿನ ಮೇಲೆ, ಓಡುತ್ತ ಎಡಗಾಲಿನಿಂದ ಚಿಮ್ಮಿ, ಬಲ ತೊಡೆಯ ಒಳಭಾಗ ಸೀಟಿಗೆ ತಾಗುವಂತೆ ಜಾರಿಕೊಂಡು ಕೂರಬೇಕು. ತೊಡೆ ಅಂದೆ, ಗಮನವಿರಲಿ. ನೇರವಾಗಿ ಸೀಟಿನ ಮೇಲೆ ಎಗರಿದರೆ ಗಂಡಸರು ಎರಡನೇ ಸಲ ಹಾಗೆ ಮಾಡುವುದಿಲ್ಲ. ಎತ್ತರಕ್ಕೆ ಹಾರುವುದು ಬೇಡ, ಮುಂದಕ್ಕೆ ಹಾರಬೇಕು. ಬಹಳ ಜನ ಚಿಮ್ಮುವ ಮೊದಲು ಎಡಗಾಲಲ್ಲಿ ಒಂದು ಕಳ್ಳ ಕುಪ್ಪಳಿಕೆ ಹಾಕುತ್ತಾರೆ. ಆ ಚಟ ಹತ್ತಿದರೆ ಬಿಡಿಸುವುದು ಕಷ್ಟ. ಅದಕ್ಕೇ ಮೊದಲಿಂದ ನಡಿಗೆಯ ವೇಗದಲ್ಲೇ ಕಲಿಯಿರಿ. ಮನೆ ಹತ್ತಿರದ ಪಾರ್ಕಿನ ಹುಲ್ಲಿನ ಮೇಲೆ, ಹಲಗೆ ಇಲ್ಲದೆ, ಬರೀ ಹತ್ತಿ ಇಳಿದು ಹತ್ತಿ ಇಳಿದು. ವಾರಕ್ಕೆರಡು ಸಲ ಅರ್ಧ ಗಂಟೆ ಮಾಡಿದರೆ ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ನಾಯಿ ಓಡಾಡಿಸಲು ಬಂದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮತ್ತೆ, ಇದೇನೂ ಬಾರದಿದ್ದರೂ ರೇಸಿಗೆ ಬರಬಹುದು. ನಿಲ್ಲಿಸಿ, ಇಳಿದು, ಎತ್ತಿ ದಾಟಿಸಿ, ಆರಾಮಾಗಿ ಹತ್ತಿ. ಒಂದು ಹಲಗೆ ಜೋಡಿಗೆ ಐದಾರು ಸೆಕೆಂಡ್ ಹೋಗಬಹುದು. ಹೋದರೆ ಹೋಗಲಿ.

ಹಲಗೆ ಮೇಲೆ ಸೈಕಲ್ ಸಮೇತ ಹಾರುವವರನ್ನು ನೋಡಿದ್ದೇನೆ!

ಬೆಲ್ಜಿಯಂನ ಸ್ವೆನ್ ನೈಸ್ ಅದಕ್ಕೇ ಹೆಸರಾಗಿದ್ದರು. ನೀವು ಮೊದಲ ವರ್ಷ ಪ್ರಯತ್ನಿಸಿದರೆ ಹಲ್ಲಿನ ಡಾಕ್ಟರ ನಂಬರ್ ಹತ್ತಿರ ಇಟ್ಟುಕೊಳ್ಳಿ.

ಹೆಗಲ ಮೇಲೆ ಹೊತ್ತುಕೊಳ್ಳುವುದು ಯಾವಾಗ?

ಮೆಟ್ಟಿಲು, ಉದ್ದನೆಯ ಕಡಿದಾದ ಏರು, ಚಕ್ರ ಉರುಳದಷ್ಟು ಕೆಸರು. ಇವಿಷ್ಟಕ್ಕೆ. ಬಲಗೈಯನ್ನು ಚೌಕಟ್ಟಿನ ನಡುವೆ ತೂರಿಸಿ, ಮೇಲಿನ ಕೊಳವೆಯನ್ನು ಬಲ ಹೆಗಲಿಗೆ ಏರಿಸಿ, ಅದೇ ಕೈಯಿಂದ ಹ್ಯಾಂಡಲಿನ ಎಡ ಭಾಗವನ್ನು ಹಿಡಿದುಕೊಳ್ಳಿ. ಎಡಗೈ ಬೀಸಿ ಓಡಲು ಬಿಡುವಾಗಿರುತ್ತದೆ. ಬಾಟಲ್ ಹೋಲ್ಡರ್ ತೆಗೆಯಲು ಹೇಳಿದ್ದು ಇದಕ್ಕೇ, ಕೈ ತೂರಿಸಲು ಜಾಗ ಬೇಕು. ಚಿಕ್ಕ ಏರಿಗೆ ಹೊರುವುದು ಬೇಡ, ಪಕ್ಕದಲ್ಲಿ ತಳ್ಳಿಕೊಂಡು ಓಡಿದರೆ ಸಾಕು.

ಮರಳು, ಕೆಸರು, ಓರೆ ಇಳಿಜಾರು. ಇವಕ್ಕೆ ಏನಾದರೂ ಉಪಾಯ?

ಮರಳಿಗೆ: ಹೊಕ್ಕುವಾಗಲೇ ವೇಗ ಇರಬೇಕು. ಒಂದು ಗೇರು ಭಾರ, ಮೈ ಸ್ವಲ್ಪ ಹಿಂದಕ್ಕೆ, ಹ್ಯಾಂಡಲ್ ಮೇಲೆ ಸಡಿಲ ಕೈ. ಮುಂದೆ ಹೋದವರ ಜಾಡು ಹಿಡಿದು ಬಿಡದೆ ತುಳಿಯಿರಿ. ಮುಂದಿನ ಚಕ್ರ ತಾನಾಗಿ ಅತ್ತಿತ್ತ ಓಲಾಡುತ್ತದೆ. ಓಲಾಡಲಿ ಬಿಡಿ. ಬಲವಂತವಾಗಿ ತಿರುಗಿಸಿದಿರೋ, ಮೂತಿ ಮರಳಿಗೆ.

ಕೆಸರಿಗೆ: ತುಳಿಯುವ ವೇಗ ನಡಿಗೆಗಿಂತ ಕಮ್ಮಿಯಾಯಿತು ಅನ್ನಿಸಿದರೆ ಇಳಿದು ಓಡಿ. ಹಟ ಹಿಡಿದು ತುಳಿಯುವವರು ಕಾಲಿನ ಶಕ್ತಿ ಅಲ್ಲೇ ಸುರಿದು ಬರುತ್ತಾರೆ. ಪೋರ್ಟ್‌ಲ್ಯಾಂಡ್ ಕಡೆ ಸೀಸನ್ನಿನ ಆರಂಭದಲ್ಲಿ ಧೂಳು, ಅಕ್ಟೋಬರ್ ಮಧ್ಯ ದಾಟಿ ಮಳೆ ಹಿಡಿದರೆ ಬರೀ ಕೆಸರು. ಎರಡಕ್ಕೂ ಮನಸ್ಸು ಗಟ್ಟಿ ಇರಲಿ.

ಗುಡ್ಡದ ಪಕ್ಕೆಯಲ್ಲಿ ಅಡ್ಡಲಾಗಿ ಹೋಗುವ ಓರೆ ದಾರಿಗೆ: ಆದಷ್ಟು ಮೇಲಿನಿಂದ ಹೊಕ್ಕಿ, ಏಕೆಂದರೆ ಜಾರುವುದಂತೂ ಜಾರುತ್ತೀರಿ. ಭಾರ ಇಳಿಜಾರಿನ ಕಡೆಯ ಪೆಡಲಿನ ಮೇಲೆ ಹಾಕಿ. ಗುಡ್ಡದ ಕಡೆಯ ಕಾಲನ್ನು ಬೇಕಾದರೆ ಬಿಡಿಸಿಕೊಂಡು ನೆಲಕ್ಕೆ ತಾಗಿಸುತ್ತ ಹೋಗಿ. ಮುಂದಿನ ಬ್ರೇಕು ಮುಟ್ಟಲೇಬೇಡಿ. ಕಣ್ಣು ಮುಂದೆ ಹೋಗಬೇಕಾದ ಕಡೆ ಇರಲಿ. ಬೀಳುವ ಜಾಗ ನೋಡಿದರೆ ಅಲ್ಲೇ ಬೀಳುತ್ತೀರಿ.

ಹೆಸರು ಕೊಡುವುದು ಎಲ್ಲಿ? ಎಷ್ಟು ಖರ್ಚು?

ಆಯೋಜಕರ ಜಾಲತಾಣದಲ್ಲಿ ಮೊದಲೇ ಕೊಟ್ಟರೆ ಅಗ್ಗ, ಆ ದಿನ ಹೋಗಿ ಕೊಟ್ಟರೆ ಸ್ವಲ್ಪ ಜಾಸ್ತಿ. ಒಂದು ರೇಸಿಗೆ 30-45 ಡಾಲರ್ ಅಂದುಕೊಳ್ಳಿ. ಅದರ ಮೇಲೆ ಲೈಸೆನ್ಸ್ ಬೇಕು. ಒರೆಗಾನ್‌ನಲ್ಲಿ ಹೆಚ್ಚಿನ ರೇಸುಗಳು ಒರೆಗಾನ್ ಬೈಸಿಕಲ್ ರೇಸಿಂಗ್ ಅಸೋಸಿಯೇಷನ್ ಅಡಿ ನಡೆಯುತ್ತವೆ. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ ಯುಎಸ್‌ಎ ಸೈಕ್ಲಿಂಗ್ ಎಂಬ ರಾಷ್ಟ್ರೀಯ ಸಂಸ್ಥೆ. ಹೊಸಬರು ಒಂದು ದಿನದ ಲೈಸೆನ್ಸ್ ತೆಗೆದುಕೊಂಡರೆ ಸಾಕು. ಹೊಣೆ ನಮ್ಮದೇ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಓದಿ ಹಾಕಿ. ನಿಮ್ಮ ಆರೋಗ್ಯ ವಿಮೆ ಚಾಲ್ತಿಯಲ್ಲಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಈ ದೇಶದಲ್ಲಿ ಮುರಿದ ಕಾಲರ್ ಬೋನಿಗಿಂತ ಅದರ ಬಿಲ್ಲು ಹೆಚ್ಚು ನೋಯಿಸುತ್ತದೆ.

ಪೋರ್ಟ್‌ಲ್ಯಾಂಡ್ ಸುತ್ತ ಕ್ರಾಸ್ ಕ್ರುಸೇಡ್ ಎಂಬ ಸರಣಿಗೆ ಬಹಳ ವರ್ಷಗಳಿಂದ ಹೆಸರಿದೆ. ಒಂದೇ ದಿನ ನೂರಾರು ಜನ ಬೇರೆ ಬೇರೆ ವಿಭಾಗಗಳಲ್ಲಿ ಓಡುತ್ತಾರೆ. ಒಂದು ವಾರ ಸುಮ್ನೆ ನೋಡಲು ಹೋಗಿ. ಬೆಳಗ್ಗೆ ಕಂಬ ನೆಟ್ಟು ಟೇಪು ಕಟ್ಟಲು ಸ್ವಯಂಸೇವಕರು ಯಾವಾಗಲೂ ಕಮ್ಮಿ ಇರುತ್ತಾರೆ. ಎರಡು ಗಂಟೆ ಕೈಜೋಡಿಸಿದರೆ ದಾರಿಯ ಪ್ರತಿ ತಿರುವೂ ಗೊತ್ತಾಗುತ್ತದೆ, ನಾಲ್ಕು ಜನರ ಪರಿಚಯವೂ ಆಗುತ್ತದೆ.

ರೇಸಿನ ದಿನ ಏನೇನು ನಡೆಯುತ್ತದೆ?

ಒಂದೂವರೆ ಗಂಟೆ ಮೊದಲೇ ಹೋಗಿ. ಪಾರ್ಕಿಂಗ್ ದೂರ ಇರುತ್ತದೆ, ಶೌಚಾಲಯದ ಸಾಲು ಉದ್ದ ಇರುತ್ತದೆ. ನಂಬರ್ ತೆಗೆದುಕೊಂಡು ಜೆರ್ಸಿಗೆ ಪಿನ್ನು ಹಾಕಿ. ಯಾವ ಪಕ್ಕಕ್ಕೆ ಅಂತ ಕೌಂಟರಿನಲ್ಲೇ ಕೇಳಿ. ನಾಲ್ಕು ಮೂಲೆಗೆ ನಾಲ್ಕು ಪಿನ್ನು ಸಾಲದು, ಆರೇಳು ಹಾಕಿ. ಗಾಳಿಗೆ ಪಟಪಟ ಅನ್ನುವ ನಂಬರನ್ನು ಅಂಕ ಬರೆಯುವವರು ಓದಲಾರರು, ನಿಮ್ಮ ಸ್ಥಾನ ಪಟ್ಟಿಯಲ್ಲೇ ಇರುವುದಿಲ್ಲ.

ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ದಾರಿ ನೋಡಲು ಬಿಡುತ್ತಾರೆ. ಆಗ ಎರಡು ಸುತ್ತು ಹೋಗಿ. ಮೊದಲನೆಯದು ನಿಧಾನ: ಎಲ್ಲಿ ಇಳಿಯಬೇಕು, ಯಾವ ತಿರುವಿನಲ್ಲಿ ಬೇರು ಇದೆ ಅಂತ ನೋಡುತ್ತ. ಎರಡನೆಯದು ಸ್ವಲ್ಪ ಜೋರು. ಬೇರೆಯವರ ರೇಸ್ ನಡೆಯುವಾಗ ಟೇಪಿನ ಒಳಗೆ ಕಾಲಿಡಬೇಡಿ. ಹೊಸಬರಿಗೆ ಬೈಗುಳ ಬೀಳುವುದು ಈ ಒಂದು ವಿಷಯಕ್ಕೆ ಮಾತ್ರ.

ಸಾಲು ನಿಲ್ಲಿಸುವಾಗ ಹಿಂದಿನ ರೇಸುಗಳಲ್ಲಿ ಅಂಕ ಗಳಿಸಿದವರನ್ನು ಮೊದಲು ಕರೆಯುತ್ತಾರೆ. ಕೆಲವು ಕಡೆ ನಂಬರಿನ ಕೊನೆಯ ಅಂಕಿ ನೋಡಿ ಲಾಟರಿಯಂತೆ ಕರೆಯುವುದೂ ಇದೆ. ನೀವು ಹಿಂದಿನ ಸಾಲಿನಲ್ಲೇ ನಿಲ್ಲಿ. ಸೀಟಿ ಊದಿದ ಮೊದಲ ಎರಡು ನಿಮಿಷ ಹುಚ್ಚು ಓಟ. ಎಲ್ಲರಿಗೂ ಮೊದಲ ತಿರುವಿಗೆ ಮೊದಲು ತಲುಪಬೇಕು. ಅಲ್ಲಿ ಗುಡ್ಡೆ ಬಿದ್ದವರ ಪಕ್ಕದಿಂದ ಹಿಂದಿನ ಸಾಲಿನವರು ನಗುತ್ತ ದಾಟಿ ಹೋಗುವುದೂ ಉಂಟು.

ಮೊದಲು ಏನು ತಿನ್ನಬೇಕು? ನೀರು?

ಎರಡೂವರೆ ಮೂರು ಗಂಟೆ ಮೊದಲು ಅವಲಕ್ಕಿಯೋ ಉಪ್ಪಿಟ್ಟೋ ಹಗುರವಾಗಿ. ತುಪ್ಪ ಸುರಿದ ಬಿಸಿಬೇಳೆಬಾತ್ ಬೇಡ, ಮೂರನೇ ಸುತ್ತಿನಲ್ಲಿ ಅದು ತಾನೇ ನೆನಪಿಸುತ್ತದೆ. ರೇಸಿನ ನಡುವೆ ನೀರು ಕುಡಿಯಲು ಬಿಡುವೂ ಇಲ್ಲ, ಅಗತ್ಯವೂ ಇಲ್ಲ. ಮೊದಲೇ ಕುಡಿದಿರಿ. ಮುಗಿದ ಮೇಲೆ ಫ್ಲಾಸ್ಕಿನಲ್ಲಿ ಕಾಫಿ ಇರಲಿ. ನಡುಗುವ ಕೈಗೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಮುಂದಿನವರು ಒಂದು ಸುತ್ತು ಜಾಸ್ತಿ ಹೊಡೆದು ಹಿಂದಿನಿಂದ ಬಂದರೆ ಏನು ಮಾಡಬೇಕು?

ಏನೂ ಮಾಡಬೇಡಿ. ನಿಮ್ಮ ಗೆರೆಯಲ್ಲೇ ನೆಟ್ಟಗೆ ಹೋಗಿ. ದಾಟುವುದು ಅವರ ಕೆಲಸ. "ಎಡಕ್ಕೆ ಬರ್ತಿದ್ದೀನಿ" ಅಂತ ಅವರೇ ಕೂಗುತ್ತಾರೆ. ಗಾಬರಿಯಿಂದ ಪಕ್ಕಕ್ಕೆ ಹಾರಿದರೆ ಅವರು ಎತ್ತ ದಾಟಬೇಕು ಅಂದುಕೊಂಡಿದ್ದರೋ ಅತ್ತಲೇ ಹಾರಿರುತ್ತೀರಿ. ದೊಡ್ಡ ರೇಸುಗಳಲ್ಲಿ ತೀರಾ ಹಿಂದೆ ಬಿದ್ದವರನ್ನು ಹೊರಗೆ ಕರೆಯುತ್ತಾರೆ. ಊರಿನ ರೇಸಿನಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಮೊದಲನೆಯವರು ಗೆರೆ ದಾಟಿದ ಮೇಲೆ ನೀವು ನಿಮ್ಮ ಆ ಸುತ್ತು ಮುಗಿಸಿದರೆ ನಿಮ್ಮ ರೇಸೂ ಮುಗಿಯಿತು.

ಪಂಕ್ಚರ್ ಆದರೆ?

ಪಿಟ್ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಮಾತ್ರ ಚಕ್ರವನ್ನೋ ಇಡೀ ಸೈಕಲನ್ನೋ ಬದಲಾಯಿಸಬಹುದು. ದೊಡ್ಡ ಸ್ಪರ್ಧಿಗಳು ಕೆಸರಿನ ದಿನ ಅರ್ಧ ಸುತ್ತಿಗೊಮ್ಮೆ ಸೈಕಲ್ ಬದಲಿಸುತ್ತಾರೆ, ಸಹಾಯಕರು ಇನ್ನೊಂದನ್ನು ತೊಳೆದು ಹಿಡಿದಿರುತ್ತಾರೆ. ನಮಗೆ ಯಾರು ಹಿಡಿಯುತ್ತಾರೆ? ಇದ್ದರೆ ಒಂದು ಬದಲಿ ಚಕ್ರ ಅಲ್ಲಿಟ್ಟಿರಿ. ಪಿಟ್ ದಾಟಿದ ಮೇಲೆ ಪಂಕ್ಚರ್ ಆದರೆ ಹಿಂದಕ್ಕೆ ಹೋಗುವಂತಿಲ್ಲ. ದಾರಿ ಹಿಡಿದೇ ಓಡಿಕೊಂಡು ಮುಂದೆ ಬರಬೇಕು. ಆಗ ಸಿಗುವ ಚಪ್ಪಾಳೆ ಗೆದ್ದವರಿಗೂ ಸಿಗುವುದಿಲ್ಲ.

ಬಿದ್ದರೆ ಪೆಟ್ಟಾಗಲ್ವಾ?

ಬೀಳುತ್ತೀರಿ. ಆದರೆ ವೇಗ ಕಮ್ಮಿ, ನೆಲ ಮೆತ್ತಗೆ. ತರಚುಗಾಯ, ನೀಲಿಗಟ್ಟಿದ ಮಂಡಿ ಸಾಮಾನ್ಯ. ಹೆಲ್ಮೆಟ್ ಕಡ್ಡಾಯ. ಬೆರಳು ಮುಚ್ಚುವ ಗ್ಲೌಸ್ ಹಾಕಿ. ತಲೆಗೆ ಏಟು ಬಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ, ವೈದ್ಯರನ್ನು ಕಾಣಿ. ಇನ್ನೊಂದು ಮಾತು: ತಣ್ಣನೆಯ ಗಾಳಿಯಲ್ಲಿ ಏದುಸಿರು ಬಿಟ್ಟದ್ದಕ್ಕೆ ರೇಸಾದ ಮೇಲೆ ಕೆಲವು ಗಂಟೆ ಒಣ ಕೆಮ್ಮು ಬರುತ್ತದೆ. ಬಹಳ ಜನಕ್ಕೆ ಹೀಗೇ ಆಗುತ್ತದೆ. ಆಸ್ತಮಾ ಇದ್ದವರು ಡಾಕ್ಟರನ್ನು ಕೇಳಿಯೇ ಇಳಿಯಿರಿ.

ನೋಡುವವರು ಯಾಕೆ ಅಷ್ಟು ಕಿರುಚುತ್ತಾರೆ? ಕೆಲವರು ಬೈದ ಹಾಗಿತ್ತು.

ಅದು ಪ್ರೀತಿ. ಹಸುವಿನ ಕೊರಳ ಗಂಟೆ ಅಲ್ಲಾಡಿಸುವುದು, "ಅಜ್ಜಿ ದಾಟಿ ಹೋದ್ರು ನೋಡಿ!" ಅಂತ ಕಿಚಾಯಿಸುವುದು ಈ ಆಟದ ಅಂಗ. ಕೆಲವರು ಒಂದು ಡಾಲರಿನ ನೋಟನ್ನೋ ಬಿಯರ್ ಲೋಟವನ್ನೋ ಕೈ ಚಾಚಿ ಹಿಡಿದಿರುತ್ತಾರೆ. ನಿಯಮದ ಪ್ರಕಾರ ನಡೆಯುವ ರೇಸಿನಲ್ಲಿ ಅದನ್ನು ತೆಗೆದುಕೊಂಡರೆ ಅನರ್ಹ ಮಾಡಬಹುದು, ಆಯೋಜಕರನ್ನು ಕೇಳಿ ನೋಡಿ. ಹ್ಯಾಲೋವೀನ್ ವಾರ ವೇಷ ಹಾಕಿಕೊಂಡು ಓಡುವುದೂ ಇದೆ. ಕುಡಿಯದವರಿಗೆ ಇಲ್ಲಿ ಯಾವ ಮುಜುಗರವೂ ಇಲ್ಲ.

ಹೆಂಗಸರು, ಮಕ್ಕಳು?

ಹೆಂಗಸರಿಗೆ ಬೇರೆ ವಿಭಾಗಗಳಿವೆ, ಬಿಗಿನರ್ ಸಹ ಇದೆ. ಬಹಳ ಕಡೆ ನಡು ಮಧ್ಯಾಹ್ನ ಪುಟ್ಟ ಮಕ್ಕಳ ರೇಸ್ ಇಡುತ್ತಾರೆ. ಪೆಡಲ್ ಇಲ್ಲದ ಬ್ಯಾಲೆನ್ಸ್ ಬೈಕಿನ ಮೂರು ವರ್ಷದವರೂ ಇರುತ್ತಾರೆ. ಕೆಸರಿನಲ್ಲಿ ಹೊರಳಾಡಿದರೂ ಅಮ್ಮ ಬಯ್ಯದ ದಿನ ಅದೊಂದೇ, ಹಾಗಾಗಿ ಮಕ್ಕಳು ಮುಂದಿನ ವಾರ ತಾವೇ ಎಬ್ಬಿಸುತ್ತಾರೆ.

ತಯಾರಿಗೆ ವಾರದಲ್ಲಿ ಎಷ್ಟು ಹೊತ್ತು ಬೇಕು?

ನೌಕರಿ, ಸಂಸಾರ ಇರುವವರಿಗೆ ನಾಲ್ಕೈದು ಗಂಟೆ ಸಾಕು. ಒಂದು ದಿನ ಉದ್ದದ ಸವಾರಿ. ಒಂದು ದಿನ ಇಪ್ಪತ್ತು ಮೂವತ್ತು ಸೆಕೆಂಡ್ ಜೋರಾಗಿ ತುಳಿಯುವುದು, ಅಷ್ಟೇ ಬಿಡುವು, ಮತ್ತೆ ಜೋರು. ಈ ಆಟದಲ್ಲಿ ಪ್ರತಿ ತಿರುವಿನಾಚೆ ಮತ್ತೆ ವೇಗ ಹಿಡಿಯಬೇಕು, ಅದಕ್ಕೆ. ಒಂದು ದಿನ ಪಾರ್ಕಿನಲ್ಲಿ ಹತ್ತಿ ಇಳಿಯುವ ಅಭ್ಯಾಸ. ಓಟದ ರೂಢಿ ಇಲ್ಲದವರು ಆಗಸ್ಟಿನಿಂದಲೇ ಹತ್ತು ನಿಮಿಷದ ಮೆಲ್ಲನೆಯ ಓಟ, ಮೆಟ್ಟಿಲು ಹತ್ತುವುದು ಶುರು ಮಾಡಿ. ಇಲ್ಲದಿದ್ದರೆ ಮೊದಲ ರೇಸಿನ ಮಾರನೇ ದಿನ ಮೀನಖಂಡ ಹಿಡಿದುಕೊಂಡು ಆಫೀಸಿನ ಲಿಫ್ಟ್ ಹುಡುಕುತ್ತೀರಿ.

ದೊಡ್ಡವರ ರೇಸ್ ನೋಡಬೇಕು. ಯಾವುದು ನೋಡಲಿ?

ನೋಡಿ ಕಲಿಯುವುದು ಬಹಳ ಇದೆ. ಬೆಲ್ಜಿಯಂನ ಕೊಕ್ಸೈಡ್‌ನ ಮರಳು ದಿಬ್ಬಗಳು, ಝೊನ್‌ಹೋವನ್‌ನ ದೊಡ್ಡ ಮರಳಿನ ಗುಂಡಿ, ನಾಮೂರ್ ಕೋಟೆಯ ಓರೆ ದಾರಿ, ನವೆಂಬರ್ 1ರ ಕೊಪೆನ್‌ಬರ್ಗ್. ಗಂಡಸರಲ್ಲಿ ನೆದರ್‌ಲ್ಯಾಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್ 2025ರಲ್ಲಿ ಫ್ರಾನ್ಸ್‌ನ ಲಿಯೆವಾನ್‌ನಲ್ಲಿ ಏಳನೇ ವಿಶ್ವ ಪಟ್ಟ ಗೆದ್ದು, ಎರಿಕ್ ಡಿ ವ್ಲಾಮಿಂಕ್ ಅವರ ಹಳೇ ದಾಖಲೆಯನ್ನು ಸರಿಗಟ್ಟಿದರು. ಹೆಂಗಸರಲ್ಲಿ ಮರಿಯಾನ್ ವೋಸ್ ಎಂಟು ಸಲ ಗೆದ್ದಿದ್ದಾರೆ. ಅಮೆರಿಕದಲ್ಲಿ ಎರಡು ಸಲ ವಿಶ್ವ ಚಾಂಪಿಯನ್‌ಶಿಪ್ ನಡೆದಿದೆ: 2013ರಲ್ಲಿ ಲೂಯಿವಿಲ್, 2022ರಲ್ಲಿ ಫಯೆಟ್‌ವಿಲ್. ಲೂಯಿವಿಲ್‌ನಲ್ಲಿ ಒಹಾಯೊ ನದಿ ಉಕ್ಕುವ ಭಯಕ್ಕೆ ಎರಡು ದಿನದ ರೇಸುಗಳನ್ನು ಒಂದೇ ದಿನದಲ್ಲಿ ಮುಗಿಸಿದರು.

ನನ್ನ ಸಲಹೆ: ಗೆಲ್ಲುವವರನ್ನು ನೋಡಬೇಡಿ, ಇಪ್ಪತ್ತನೆಯವರನ್ನು ನೋಡಿ. ಅವರು ಎಲ್ಲಿ ಇಳಿಯುತ್ತಾರೆ, ಯಾವ ಜಾಡು ಹಿಡಿಯುತ್ತಾರೆ ಅನ್ನುವುದು ನಮಗೆ ಹೆಚ್ಚು ಉಪಯೋಗ.

ಊರಿಗೆ ರಜೆಗೆ ಹೋದಾಗ ಅಭ್ಯಾಸ ಬಿಟ್ಟುಹೋಗಲ್ವಾ?

ಜುಲೈ, ಆಗಸ್ಟ್‌ನಲ್ಲಿ ಹೋದರೆ ಮಲೆನಾಡಿಗಿಂತ ಒಳ್ಳೆಯ ಜಾಗ ಬೇಕಾ? ಕೆಂಪು ಮಣ್ಣಿನ ಮಳೆಗಾಲದ ಕಾಲುದಾರಿ ಚಕ್ರಕ್ಕೆ ಅಂಟುವಷ್ಟು ಒರೆಗಾನ್ ಕೆಸರು ಅಂಟುವುದಿಲ್ಲ. ಭಾವನ ಹಳೇ ಸೈಕಲ್ ಕೇಳಿ ತೆಗೆದುಕೊಂಡು ಹೋಗಿ. ಸೈಕಲ್ ಇಲ್ಲದಿದ್ದರೆ ದೇವಸ್ಥಾನದ ಮೆಟ್ಟಿಲಾದರೂ ಇದೆ.

ಮುಗಿದ ಮೇಲೆ ಸೈಕಲ್ ತೊಳೆಯುವುದು ಹೇಗೆ?

ಅಂದೇ ತೊಳೆಯಿರಿ. ನಾಳೆ ಅಂದರೆ ಕೆಸರು ಸಿಮೆಂಟ್ ಆಗಿರುತ್ತದೆ. ರೇಸಿನ ಜಾಗದಲ್ಲಿ ಪ್ರೆಶರ್ ವಾಷರ್ ಇದ್ದರೆ ಚೌಕಟ್ಟಿಗೂ ಟೈರಿಗೂ ಮಾತ್ರ ಬಿಡಿ. ಚಕ್ರದ ಹಬ್ಬು, ಪೆಡಲ್ ತಿರುಗುವ ಬೇರಿಂಗು, ಹ್ಯಾಂಡಲಿನ ಬುಡ, ಇವಕ್ಕೆ ಹತ್ತಿರದಿಂದ ಬಿಟ್ಟರೆ ಒಳಗಿನ ಗ್ರೀಸು ಹೋಗಿ ನೀರು ಸೇರುತ್ತದೆ. ಮನೆಯಲ್ಲಾದರೆ ಒಂದು ಬಕೆಟ್ ಸೋಪಿನ ನೀರು, ಒಂದು ಉದ್ದ ಬ್ರಷ್ಷು, ಸಣ್ಣ ಧಾರೆಯ ಪೈಪು. ಚೈನು ಒರೆಸಿ, ಒಣಗಿಸಿ, ಎಣ್ಣೆ ಹಾಕಿ, ಮತ್ತೆ ಒರೆಸಿ. ಬ್ರೇಕ್ ಪ್ಯಾಡ್ ನೋಡಿ, ಒಂದೇ ಕೆಸರಿನ ರೇಸಿಗೆ ಸವೆದುಹೋಗುವುದೂ ಇದೆ. ಡಿಸ್ಕಿಗೆ ಎಣ್ಣೆ ತಾಗದಂತೆ ನೋಡಿಕೊಳ್ಳಿ. ಶೂ ಒಳಗೆ ಹಳೇ ಪೇಪರು ತುರುಕಿಡಿ. ಬಟ್ಟೆಯನ್ನು ಹೊರಗೇ ಜಾಲಿಸಿ ಆಮೇಲೆ ಮೆಷಿನ್ನಿಗೆ ಹಾಕಿ. ಕಾರಿಗೆ ಒಂದು ಹಳೇ ಚಾಪೆ, ಎರಡು ದೊಡ್ಡ ಕಸದ ಚೀಲ, ಒಂದು ಒದ್ದೆ ಟವೆಲ್ ಸೀಸನ್ ಮುಗಿಯುವವರೆಗೆ ಕಾಯಂ ಆಗಿ ಇರಲಿ.